ಚಂದವ್ವನ ಸೈಕಲ್ಲಿಗೊಂದು ನೀರಿನ ಬಾಟಲಿ

ಮುಂಬಯಿ ಹತ್ತಿರದ ಕಳವಾ ಎಂಬ ಊರಿನ ಗುಡ್ಡದ ಮೇಲಿನ ಚಾಳಿಗೆ ಸೈಕಲ್ಲು ಹತ್ತುವುದಿಲ್ಲ. ಹಾಗಾಗಿ ಚಂದವ್ವ ತನ್ನ ಸೈಕಲ್ಲನ್ನು ಗುಡ್ಡದ ಬುಡದಲ್ಲಿದ್ದ ಹಿಟ್ಟಿನ ಗಿರಣಿಯ ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಕರಿ ಬಣ್ಣದ, ಗಂಡಸರು ಓಡಿಸುವ ಎತ್ತರದ ಸೈಕಲ್ಲು. ಬ್ರೇಕಿಗೆ ವಾಯರಿಲ್ಲ, ಹ್ಯಾಂಡಲಿನಿಂದ ಹಿಂದಿನ ಚಕ್ರದವರೆಗೆ ಉದ್ದನೆಯ ಕಬ್ಬಿಣದ ಸರಳು. ಊರಿಗೆ ಹೊರಟುಹೋದ ಒಬ್ಬ ನೇಪಾಳಿ ಕಾವಲುಗಾರನಿಂದ ಅವಳು ಅದನ್ನು ಕೊಂಡಾಗಲೇ ಅದಕ್ಕೆ ಇಪ್ಪತ್ತು ವರ್ಷ ವಯಸ್ಸಾಗಿತ್ತಂತೆ.

ಚಂದವ್ವ ಆಳಂದದ ಕಡೆಯವಳು. ಐರೋಲಿಯಲ್ಲಿ ಐಟಿ ಕಂಪನಿಗಳ ಕಟ್ಟಡ ಏಳುತ್ತಿದ್ದ ಕಾಲಕ್ಕೆ ತಲೆಯ ಮೇಲೆ ಸಿಮೆಂಟಿನ ಪುಟ್ಟಿ ಹೊತ್ತವಳು. ಕಟ್ಟಡ ಎದ್ದು ನಿಂತ ಮೇಲೆ ಅದೇ ಕಟ್ಟಡದ ನೆಲ ಒರೆಸುವ ಕೆಲಸಕ್ಕೆ ಸೇರಿಕೊಂಡಳು. ನಾಗವೇಣಿ ಅವಳಿಗೆ ಸಿಕ್ಕಿದ್ದು ಆ ಸೈಟಿನಲ್ಲೇ. ಇಂಡಿ ತಾಲೂಕಿನ ಹುಡುಗಿ. ಮದುವೆಯಾಗಿ ನಾಲ್ಕು ವರ್ಷಕ್ಕೂ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. "ನೀನೂ ಇರು, ಬ್ಯಾಡ ಅಂದವರ್ಯಾರು" ಎಂದರು ಅತ್ತೆಮನೆಯವರು. ಅವಳು ಇರಲಿಲ್ಲ. ಕೂಲಿಯವರ ಗುಂಪಿನೊಂದಿಗೆ ರೈಲು ಹತ್ತಿ ಬಂದು, ಸ್ಲಾಬಿನ ಕಬ್ಬಿಣಕ್ಕೆ ತಂತಿ ಬಿಗಿಯುವ ಕೆಲಸ ಕಲಿತಳು. ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿನ ಗುಡ್ಡೆಯ ಮೇಲೆ ಒಬ್ಬಳೇ ಕೂತಿದ್ದವಳನ್ನು ನೋಡಿ ಚಂದವ್ವ ಕೂಗಿ ಕರೆದಿದ್ದಳು: "ಏ ಹುಡುಗಿ, ಇಲ್ಲಿ ಬಾ. ಒಬ್ಬಾಕಿನೇ ಕುಂತು ಉಂಡ್ರ ರೊಟ್ಟಿ ಗಂಟಲ್ದಾಗ ಇಳೀತದ?"

ಆ ಕರೆಯಿಂದ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ಒಂದೇ ಖೋಲಿ, ಒಂದೇ ಒಲೆ, ಒಂದೇ ಸೈಕಲ್ಲು. ನಾಗವೇಣಿ ಏಳನೆಯವರೆಗೆ ಓದಿದ್ದರಿಂದ ಅದೇ ಕಟ್ಟಡದ ಗೇಟಿನಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಖಾಕಿ ಪ್ಯಾಂಟು, ನೀಲಿ ಶರ್ಟು, ಬಂದವರ ಹೆಸರು ಬರೆಯಲು ಒಂದು ರಿಜಿಸ್ಟರು. ಪ್ಯಾಂಟು ಬಂದ ಮೇಲೆ ಚಂದವ್ವ ಅವಳಿಗೆ ಸೈಕಲ್ಲು ಕಲಿಸಿದಳು. ಐರೋಲಿಯ ಖಾಲಿ ಪ್ಲಾಟುಗಳ ನಡುವಿನ ರಸ್ತೆಯಲ್ಲಿ, ಕ್ಯಾರಿಯರ್ ಹಿಡಿದುಕೊಂಡು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಹಿಂದೆ ಹಿಂದೆ ಓಡುತ್ತ. ಮೂರು ಭಾನುವಾರ ಬಿದ್ದು, ನಾಲ್ಕನೆಯ ಭಾನುವಾರ ನಾಗವೇಣಿ ಬೀಳಲಿಲ್ಲ. ಆಮೇಲೆ ಚಂದವ್ವನ ಮೊಣಕಾಲು ನೋಯಲು ಶುರುವಾಗಿ, ತುಳಿಯುವವಳು ನಾಗವೇಣಿ, ಕ್ಯಾರಿಯರಿನ ಮೇಲೆ ಅಡ್ಡಡ್ಡ ಕೂರುವವಳು ಚಂದವ್ವ ಎಂದಾಯಿತು. ನೀರಿನ ಬಾಟಲಿ ಚಂದವ್ವನ ಮಡಿಲಲ್ಲಿ. ವಿಟಾವಾದ ರೈಲು ಸೇತುವೆಯ ತಗ್ಗು ದಾಟಿ ದಿಘಾ ಬರುವಷ್ಟರಲ್ಲಿ ಅವಳು ಬಾಟಲಿಯ ತಳದಿಂದ ನಾಗವೇಣಿಯ ಬೆನ್ನಿಗೆ ತಿವಿಯುತ್ತಿದ್ದಳು. "ಕುಡಿ. ಅಲ್ಲಿ ಹೋದ ಮ್ಯಾಲ ನೀ ಹನಿ ನೀರ್ ಮುಟ್ಟಂಗಿಲ್ಲ, ನಂಗ್ ಗೊತ್ತದ."

ಅದು ನಿಜವೇ. ಗೇಟಿನ ಕೆಲಸದ ಹೆಂಗಸರು ನೀರು ಕುಡಿಯುತ್ತಿರಲಿಲ್ಲ. ಅವರ ಪಾಲಿನ ಟಾಯ್ಲೆಟ್ಟು ಇದ್ದದ್ದು ಹಿಂದಿನ ಕಟ್ಟಡದ ಬೇಸ್‌ಮೆಂಟಿನಲ್ಲಿ. ಹೋಗಿಬರಬೇಕಾದರೆ ಗೇಟಿಗೆ ಬೇರೆ ಯಾರಾದರೂ ಬಂದು ನಿಲ್ಲಬೇಕು, ಅದಕ್ಕೆ ಸೂಪರ್‌ವೈಸರಿಗೆ ಹೇಳಬೇಕು, ಅವನು ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುತ್ತಿದ್ದ. ಅದಕ್ಕಿಂತ ಬಾಯಾರಿಕೊಂಡಿರುವುದೇ ವಾಸಿ ಎಂದು ಎಲ್ಲರೂ ಇದ್ದುಬಿಟ್ಟಿದ್ದರು.

ಎರಡು ಸಾವಿರದ ಹನ್ನೆರಡರ ದೀಪಾವಳಿಯ ಮುಂದೆ ಚಂದವ್ವನ ತಂಗಿಯ ಮಗ ಅನಿಲಕುಮಾರ ಫೋನು ಮಾಡಿದ. ಅವನಿಗೆ ಅವಳಿ ಮಕ್ಕಳಾಗಿದ್ದವು. ಎರಡು ಕೋಣೆಯ ಮನೆ ಕಟ್ಟಿಸಿದ್ದ. "ದೊಡ್ಡವ್ವಾ, ಇನ್ನ ದುಡಿದದ್ದು ಸಾಕು, ಬಂದ್ಬಿಡು" ಎಂದ. ಚಂದವ್ವ ಆ ರಾತ್ರಿ ಹುಡುಗಿಯ ಹಾಗೆ ನಕ್ಕಳು. ಗಂಟು ಕಟ್ಟುತ್ತ, "ನೀನೂ ಬಾ ನಾಗಿ. ಅಲ್ಲೇನು ಎರಡ್ ರೊಟ್ಟಿಗಿ ಬರ ಅದ?" ಎಂದಳು.

ನಾಗವೇಣಿಗೆ ಏನಾಯಿತೋ. ಹೊಟ್ಟೆಯಲ್ಲಿದ್ದ ದಿಗಿಲು ಬಾಯಿಗೆ ಬರುವಷ್ಟರಲ್ಲಿ ವಿಷವಾಗಿತ್ತು. "ನನ್ನ ಯಾರ ಕರದಾರ? ನಿನ್ನರ ಯಾಕ ಕರದಾರ ಅನ್ನೂದು ತಿಳಕೋ. ಕೂಸು ಎತ್ತಾಕ ಆಳು ಬೇಕಾಗೇತಿ. ಕೂಸು ನಡ್ಯಾಕ ಕಲಿತ ಮರುದಿನ ನಿನ್ನ ಹೊರಗ ಹಾಕ್ತಾರ, ನೋಡ್ತಿರು."

ಚಂದವ್ವ ಗಂಟಿನ ಬಾಯಿಯನ್ನು ಎರಡು ಸಲ ಬಿಚ್ಚಿ ಎರಡು ಸಲ ಕಟ್ಟಿದಳು. ಹೊರಡುವ ದಿನ ನಾಗವೇಣಿ ರಜೆ ಹಾಕಲಿಲ್ಲ. ಚಂದವ್ವ ಒಬ್ಬಳೇ ಗಂಟು ಹೊತ್ತು ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋಗಿ ಕಲಬುರ್ಗಿಯ ರೈಲು ಹತ್ತಿದಳು. ಸಂಜೆ ನಾಗವೇಣಿ ಬಸ್ಸಿನಿಂದ ಇಳಿದು ಬಂದಾಗ ಗಿರಣಿಯ ಗೋಡೆಗೆ ಸೈಕಲ್ಲು ಒರಗಿತ್ತು. ಚಂದವ್ವ ಅದನ್ನು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಬೀಗದ ಕೈಯನ್ನು ಗಿರಣಿಯವನ ಬಳಿ ಕೊಟ್ಟುಹೋಗಿದ್ದಳು.

ಮೊದಲ ವಾರದಲ್ಲಿ ನಾಗವೇಣಿಗೆ ಸೈಕಲ್ಲು ಓಡಿಸುವುದೇ ಕಷ್ಟವಾಯಿತು. ಭಾರವಿಲ್ಲದ ಹಿಂದಿನ ಚಕ್ರ ಸಣ್ಣ ಕಲ್ಲಿಗೂ ಪುಟಿಯುತ್ತಿತ್ತು. ಅಷ್ಟು ವರ್ಷ ಇಬ್ಬರ ತೂಕಕ್ಕೆ ಒಗ್ಗಿದ ಕಾಲು ಬೇಕಾದದ್ದಕ್ಕಿಂತ ಜೋರಾಗಿ ತುಳಿಯುತ್ತಿತ್ತು. ಖೋಲಿಯಲ್ಲಿ ಮಾತಿಲ್ಲ. ಗೇಟಿನಲ್ಲಿ ಹಿಂದಿ, ಚಾಳಿನಲ್ಲಿ ಮರಾಠಿ. ಕೆಲವೊಮ್ಮೆ ಸ್ಟೋವಿಗೆ, ಹಾಲಿನ ಪಾತ್ರೆಗೆ ಕನ್ನಡದಲ್ಲಿ ಬೈಯುವುದಷ್ಟೇ ಅವಳ ದಿನದ ಕನ್ನಡ. ಫೋನು ಮಾಡಬೇಕೆಂದು ದಿನಾ ಅಂದುಕೊಳ್ಳುತ್ತಿದ್ದಳು. ಏನಂತ ಮಾತು ಶುರು ಮಾಡುವುದೆಂದು ತಿಳಿಯದೆ ಬಿಡುತ್ತಿದ್ದಳು. ಆ ಕಡೆಯಿಂದಲೂ ಫೋನು ಬರಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದ್ದವಳಿಗೆ ಬೆನ್ನಿನ ಬಲಗಡೆ ಯಾರೋ ಹಾರೆ ಇಟ್ಟು ಮೀಟಿದಂತಾಯಿತು. ಮೊದಲು ವಾಯು ಎಂದುಕೊಂಡು ಅಜವಾನ ಅಗಿದಳು. ಆಮೇಲೆ ಅಗಿಯಲಿಕ್ಕೂ ಆಗಲಿಲ್ಲ. ಗೋಡೆ ಬಡಿದಳು; ಪಕ್ಕದ ಮನೆಯವರು ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆರೆದು ನೋಡಿದರೆ ಸಾಲಿಗೆ ಸಾಲೇ ಬೀಗ. ಗುಡ್ಡದ ಮೆಟ್ಟಿಲುಗಳನ್ನು ಕೂತು ಕೂತು, ಒಂದೊಂದಾಗಿ ಇಳಿದಳು. ಒಂದು ಕಡೆ ವಾಂತಿಯಾಯಿತು. ಕೆಳಗೆ ರಿಕ್ಷಾದವನು ಅವಳ ಮುಖ ನೋಡಿ ಎಲ್ಲಿಗೆಂದು ಕೇಳದೆ ಆಸ್ಪತ್ರೆಗೆ ಬಿಟ್ಟ.

"ಸೋಬತ್ ಕೋಣ ಆಹೆ?" ಜೊತೆಗೆ ಯಾರಿದ್ದಾರೆ ಎಂದು ನರ್ಸು ಕೇಳಿದಳು.

"ಕೋಣಿ ನಾಹಿ" ಎಂದಳು ನಾಗವೇಣಿ. ಯಾರೂ ಇಲ್ಲ. ಆ ಎರಡು ಶಬ್ದ ಹೇಳಿದ ಮೇಲೆ, ನೋವಿಗೋ ಇನ್ನಾವುದಕ್ಕೋ, ಕಣ್ಣಲ್ಲಿ ನೀರು ಬಂತು.

ಮೂತ್ರಪಿಂಡದಲ್ಲಿ ಕಲ್ಲು. ದೊಡ್ಡದಲ್ಲ, ಕಡಲೆಕಾಳಿನ ಅರ್ಧ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಡಾಕ್ಟರಮ್ಮ ಕೇಳಿದರು. ಎರಡು ಲೋಟ ಎಂದಾಗ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಮೂರು ಲೀಟರು, ದಿನವಿಡೀ ಸ್ವಲ್ಪ ಸ್ವಲ್ಪ, ಕೆಲಸಕ್ಕೆ ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ಎಂದು ಚೀಟಿಯ ಮೇಲೆ ಬರೆದು, ಅಡಿಯಲ್ಲಿ ಗೆರೆ ಎಳೆದು ಕೊಟ್ಟರು.

ನೀರೇನೋ ಕುಡಿಯಬಹುದು, ಬಾಟಲಿಯನ್ನು ಎಲ್ಲಿಡುವುದು? ಕ್ಯಾರಿಯರಿನ ಸ್ಪ್ರಿಂಗಿಗೆ ಸಿಕ್ಕಿಸಿದರೆ ವಿಟಾವಾದ ಗುಂಡಿಗಳಲ್ಲಿ ಹಾರಿ ಬೀಳುತ್ತಿತ್ತು. ಒಮ್ಮೆ ಲಾರಿಯ ಚಕ್ರದಡಿ ಅಪ್ಪಚ್ಚಿಯಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹ್ಯಾಂಡಲಿಗೆ ತೂಗುಹಾಕಿದರೆ ತೂಗಾಡಿ ತೂಗಾಡಿ ಚಕ್ರದ ಕಡ್ಡಿಗಳಿಗೆ ಬಡಿಯುತ್ತಿತ್ತು. ಏಪ್ರಿಲಿನ ಒಂದು ಬೆಳಿಗ್ಗೆ ಚೀಲ ಹರಿದು ಬಾಟಲಿ ಗೇಟಿನ ಮುಂದೆಯೇ ಉರುಳಿ ಚರಂಡಿಗೆ ಬಿತ್ತು. "ನಿನ್ನ ಹೆಣಾ ಎತ್ತಲಿ! ಇನ್ನೊಂದ ಹೆಜ್ಜಿ ಇತ್ತು, ಅಷ್ಟ ತಾಳಾಕ ಆಗಲಿಲ್ಲೇನು ನಿನಗ?" ಎಂದು ಅವಳು ಬಾಟಲಿಗೆ ಬೈದಳು.

"ಯಾವೂರಮ್ಮ ನಿಮ್ದು?"

ಹಿಂದೆ ನಿಂತಿದ್ದವರು ಐದನೆಯ ಮಹಡಿಯ ಹಯಗ್ರೀವ ಸಾಹೇಬರು. ಕಂಪನಿಯ ಹಣಕಾಸಿನ ವಿಭಾಗದಲ್ಲಿದ್ದವರು, ಐವತ್ತು ದಾಟಿದವರು, ಕೈಯಲ್ಲಿ ಯಾವಾಗಲೂ ಸ್ಟೀಲಿನ ಟಿಫಿನ್ ಡಬ್ಬಿ. ನಾಗವೇಣಿ ನಾಚಿ ಸೆಲ್ಯೂಟು ಹೊಡೆದಳು.

"ಬಿಜಾಪುರ ಕಡೆ ರೀ ಸರ್. ಇಂಡಿ."

"ಅಲ್ಲಮ್ಮ, ಎರಡು ವರ್ಷದಿಂದ ದಿನಾ ಗುಡ್ ಮಾರ್ನಿಂಗ್ ಹೇಳ್ತಿದೀನಿ ನಿಮಗೆ. ಕನ್ನಡದವರು ಅಂತ ಇವತ್ತು ಗೊತ್ತಾಗ್ತಿದೆ, ಅದೂ ಬೈಗುಳದಿಂದ!" ಎಂದು ನಕ್ಕರು. ಅವರು ಮೈಸೂರಿನವರು. ಹೆಂಡತಿ ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಇವರು ಐರೋಲಿಯ ಫ್ಲಾಟಿನಲ್ಲಿ ಒಬ್ಬರೇ. ಸಕ್ಕರೆ ಕಾಯಿಲೆಗೆಂದು ಜನವರಿಯಲ್ಲಿ ಹೊಸ ಸೈಕಲ್ಲು ಕೊಂಡು, ಆರು ವಾರ ಓಡಿಸಿ, ಲಾರಿಗಳ ಧೂಳಿಗೆ ಹೆದರಿ ಬಿಟ್ಟಿದ್ದರು. "ಅದರಲ್ಲಿ ಬಾಟ್ಲಿ ಇಡೋ ಸ್ಟ್ಯಾಂಡಿದೆ. ಸುಮ್ನೆ ತುಕ್ಕು ಹಿಡೀತಿದೆ. ನಾಳೆ ತಂದ್ಕೊಡ್ತೀನಿ ಇರಿ."

ಮರುದಿನ ಪೇಪರಿನಲ್ಲಿ ಸುತ್ತಿ ತಂದೇಬಿಟ್ಟರು. ಬೆಳ್ಳಿಯಂತೆ ಹೊಳೆಯುವ, ಕೈಬೆರಳು ಮಡಿಸಿ ಲೋಟ ಹಿಡಿದ ಹಾಗಿದ್ದ ಕಂಬಿಯ ಸ್ಟ್ಯಾಂಡು, ಜೊತೆಗೆ ಎರಡು ಸಣ್ಣ ಸ್ಕ್ರೂ. ಊಟದ ಬಿಡುವಿನಲ್ಲಿ ಸೈಕಲ್ಲಿನ ಹತ್ತಿರ ಬಂದು, ಕಟ್ಟಡದ ಅಷ್ಟು ಜನ ನೋಡುತ್ತಿದ್ದರೂ ಕುಕ್ಕರಗಾಲಲ್ಲಿ ಕೂತರು. ಪೈಪಿನ ಮೇಲೆ ಬೆರಳಾಡಿಸಿದರು. ಕರ್ಚೀಫು ತೆಗೆದು ತಿಕ್ಕಿದರು, ಕೊಳೆಯ ಕೆಳಗೆಲ್ಲೋ ಅಡಗಿರಬಹುದೆಂಬಂತೆ.

"ತೂತೇ ಇಲ್ವಲ್ಲಮ್ಮ! ಈಗಿನ ಸೈಕಲ್‌ಗೆ ಸ್ಕ್ರೂ ಹಾಕೋಕೆ ಎರಡು ತೂತು ಕೊಟ್ಟಿರ್ತಾರೆ. ಇದು ಹಳೇ ಕಾಲದ ಫ್ರೇಮು. ಆಗೆಲ್ಲ ಸೈಕಲ್ ಮೇಲೆ ಯಾರು ನೀರು ಕುಡೀತಿದ್ರು?"

ನಾವು ಕುಡಿಯುತ್ತಿದ್ದೆವು ಎನ್ನಬೇಕೆನಿಸಿತು ನಾಗವೇಣಿಗೆ. "ಇರ್ಲಿ ಬಿಡ್ರಿ ಸರ್, ನಾ ಏನರ ಮಾಡ್ತೀನಿ" ಎಂದಳು.

ಅವಳಿಗೆ ಗೊತ್ತಿದ್ದದ್ದು ತಂತಿ ಬಿಗಿಯುವುದು. ಸೈಟಿನಲ್ಲಿ ಸಾವಿರಾರು ಗಂಟು ಹಾಕಿದ ಕೈ. ಹ್ಯಾಂಡಲಿನಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಪೈಪಿನ ಮೇಲೆ ಸ್ಟ್ಯಾಂಡು ಇಟ್ಟು, ಮೂರು ಕಡೆ ತಂತಿ ಸುತ್ತಿ, ಇಕ್ಕಳದಿಂದ ತಿರುಚಿ ಬಿಗಿದಳು. ಬಾಟಲಿ ಕೂತಿತು. ಬೆಳಿಗ್ಗೆ ಹೊರಟಾಗ ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡಳು.

ವಿಟಾವಾದ ತಗ್ಗಿಗೆ ಇಳಿಯುವಾಗ ಹಿಂದಿನ ಬ್ರೇಕು ಹಿಡಿದರೆ ಹಿಡಿಕೆ ಅಲುಗಲಿಲ್ಲ. ಪೈಪಿನ ಅಡಿಯಲ್ಲಿ ಬ್ರೇಕಿನ ಸರಳು ಹಾದುಹೋಗಿತ್ತು. ತಂತಿ ಅದನ್ನೂ ಸೇರಿಸಿ ಬಿಗಿದುಬಿಟ್ಟಿತ್ತು. ಎದುರಿಗೆ ಬಸ್ಸು. ಮುಂದಿನ ಬ್ರೇಕು ಒತ್ತಿದ್ದೇ ತಡ, ಸೈಕಲ್ಲು ಪಲ್ಟಿಯಾಗಿ ಅವಳು ಗೋಡೆಯ ಬದಿಗೆ ಬಿದ್ದಳು. ಮೊಣಕೈ ತರಚಿತು, ಪ್ಯಾಂಟು ಹರಿಯಿತು. ಬಸ್ಸಿನವನು ಬೈದು ಮುಂದೆ ಹೋದ. ಯಾರೋ ಇಬ್ಬರು ನಿಂತು ನೋಡಿದರು. ಅವಳು ಎದ್ದು, ಸೈಕಲ್ಲು ಎತ್ತಿ, ಮೊದಲು ಸೈಕಲ್ಲಿಗೆ ಏನಾಗಿದೆ ನೋಡಿದಳು. ತಂತಿ ತಿಂದ ಕಡೆಯಲ್ಲಿ ಕರಿ ಬಣ್ಣ ಎದ್ದು ಕಬ್ಬಿಣ ಕಾಣುತ್ತಿತ್ತು. ಅದನ್ನು ನೋಡಿದಾಗ ಮೊಣಕೈಗಿಂತ ಹೆಚ್ಚು ನೋವಾಯಿತು. ಚಂದವ್ವ ತೊಳೆದಿಟ್ಟು ಹೋದ ಸೈಕಲ್ಲು.

ಸಂಜೆ ಕಳವಾ ನಾಕಾದಲ್ಲಿ ಸೈಕಲ್ ರಿಪೇರಿಯ ಬಬನ್ ಕಾಕಾನ ಅಂಗಡಿಗೆ ತಳ್ಳಿಕೊಂಡು ಹೋದಳು. ಎಪ್ಪತ್ತರ ಮುದುಕ, ಹಲ್ಲಿಲ್ಲದ ಬಾಯಲ್ಲಿ ತಂಬಾಕು. ಪೈಪಿಗೆ ಎರಡು ತೂತು ಹೊಡೆದು ಕೊಡಿ ಎಂದಳು. ಅವನು ತಂತಿಯನ್ನು ಕತ್ತರಿಸಿ ಎಸೆದು ತಲೆಯಾಡಿಸಿದ.

"ನಹೀ ಬೇಟಿ. ಛೇದ್ ಕರೇಗಾ ತೋ ಪೈಪ್ ಕಾ ದಮ್ ಗಯಾ. ಅಂದರ್ ಪಾನಿ ಜಾಯೇಗಾ, ಜಂಗ್ ಲಗೇಗಾ. ಇತನಾ ಅಚ್ಛಾ ಫ್ರೇಮ್ ಆಜಕಲ್ ಬನತಾ ಕಿಧರ್ ಹೈ?"

ತೂತು ಕೊರೆದರೆ ಪೈಪಿನ ಬಲ ಹೋಗುತ್ತದೆ, ಒಳಗೆ ನೀರಿಳಿದು ತುಕ್ಕು ಹಿಡಿಯುತ್ತದೆ ಎಂದು ಹೇಳಿ, ಆಮೇಲೆ ಅವನು ಕೈಮಾಡಿ ತೋರಿಸಿದ. ಓರೆ ಪೈಪು ಬೇಡ, ಅಲ್ಲಿ ಬ್ರೇಕಿನ ಸರಳಿದೆ. ಸೀಟಿನಿಂದ ನೇರ ಕೆಳಗಿಳಿಯುವ ಪೈಪಿದೆಯಲ್ಲ, ಅದಕ್ಕೆ ಕಟ್ಟು. ಕಟ್ಟುವುದಕ್ಕೆ ತಂತಿ ಬೇಡ, ನೀರಿನ ಮೋಟರಿನ ಪೈಪಿಗೆ ಹಾಕುತ್ತಾರಲ್ಲ, ಸ್ಕ್ರೂ ತಿರುಗಿಸಿದರೆ ಬಿಗಿಯಾಗುವ ಸ್ಟೀಲಿನ ಪಟ್ಟಿ, ಅಂಥ ಎರಡು ಕ್ಲಿಪ್ಪು ತಗೋ. ಕೆಳಗೆ ರಬ್ಬರು ಸುತ್ತು. ಇಷ್ಟು ಹೇಳಿ ಗೂಟಕ್ಕೆ ನೇತುಹಾಕಿದ್ದ ಹಳೆಯ ಟ್ಯೂಬಿನಿಂದ ಒಂದು ಗೇಣು ಕತ್ತರಿಸಿ ಕೊಟ್ಟ. ತಾನೇ ಮಾಡಿಕೊಡಲೇ ಎಂದೂ ಕೇಳಿದ. ನಾಗವೇಣಿ ಬೇಡವೆಂದಳು. ಯಾಕೆ ಬೇಡವೆಂದಳೋ ಅವಳಿಗೇ ಗೊತ್ತಿರಲಿಲ್ಲ. ಭಾನುವಾರ ಹೇಗೆ ಕಳೆಯುವುದೆಂಬ ಚಿಂತೆ ಆ ದಿನಗಳಲ್ಲಿ ಅವಳಿಗೆ ಶುಕ್ರವಾರವೇ ಶುರುವಾಗುತ್ತಿತ್ತು; ಬಹುಶಃ ಅದಕ್ಕೆ.

ಭಾನುವಾರ ಗಿರಣಿ ಮುಚ್ಚಿತ್ತು. ಅದರ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತಳು. ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ಒರೆಸಿ, ಸೀಟಿನ ಕೆಳಗಿನ ಪೈಪಿಗೆ ಎರಡು ಕಡೆ ಬಿಗಿಯಾಗಿ ಸುತ್ತಿದಳು. ಅದರ ಮೇಲೆ ಸ್ಟ್ಯಾಂಡಿನ ಬೆನ್ನನ್ನು ಒತ್ತಿ ಹಿಡಿದು, ಮೇಲೊಂದು ಕೆಳಗೊಂದು ಕ್ಲಿಪ್ಪು ತೊಡಿಸಿದಳು. ಮೇಲಿನದನ್ನು ಪೂರ್ತಿ ಬಿಗಿದರೆ ಕೆಳಗಿನದು ವಾರೆಯಾಗುತ್ತಿತ್ತು. ಕೆಳಗಿನದನ್ನು ಬಿಗಿದರೆ ಸ್ಟ್ಯಾಂಡು ಪಕ್ಕಕ್ಕೆ ತಿರುಗುತ್ತಿತ್ತು. ಬಿಚ್ಚಿ, ಮತ್ತೆ ಹಾಕಿ, ಕೊನೆಗೆ ಇದಕ್ಕೆರಡು ಸುತ್ತು ಅದಕ್ಕೆರಡು ಸುತ್ತು ಎಂದು ಸ್ಕ್ರೂಡ್ರೈವರು ಆಡಿಸಿದಳು. ಕ್ಲಿಪ್ಪಿನ ತಲೆ ಹೊರಕ್ಕೆ ಬಂದು ಪ್ಯಾಂಟಿಗೆ ಸಿಕ್ಕುತ್ತಿತ್ತು, ಅದನ್ನು ಒಳಮಗ್ಗುಲಿಗೆ ತಿರುಗಿಸಿದಳು. ಪಟ್ಟಿಯ ಚೂಪು ತುದಿಯನ್ನು ಮಡಿಸಿ ಉಳಿದ ರಬ್ಬರಿನಿಂದ ಮುಚ್ಚಿದಳು. ಪೆಡಲು ತಿರುಗಿಸಿ ನೋಡಿದಳು, ಎಲ್ಲೂ ತಾಗಲಿಲ್ಲ. ಬ್ರೇಕು ಹಿಡಿದು ನೋಡಿದಳು, ಸರಳು ಸಲೀಸಾಗಿ ಆಡಿತು.

ಈಗ ಬಾಟಲಿ. ಲೀಟರಿನದು ಒಳಗೇ ಹೋಗಲಿಲ್ಲ. ಅರ್ಧ ಲೀಟರಿನದು ಲೊಡಲೊಡ. ಅದರ ಸೊಂಟಕ್ಕೆ ಹಳೆಯ ಕಾಲುಚೀಲದ ಮೇಲ್ಭಾಗ ಕತ್ತರಿಸಿ ತೊಡಿಸಿದಳು. ಆಗ ಒತ್ತಿದರೆ ಕೂತಿತು, ಎಳೆದರೆ ಬಂತು. ಎರಡೂ ಕೈಯಲ್ಲಿ ಸೈಕಲ್ಲು ಎತ್ತಿ ನೆಲಕ್ಕೆ ಕುಕ್ಕಿದಳು. ಬಾಟಲಿ ಮಿಸುಕಲಿಲ್ಲ. "ಆತು ನೋಡು!" ಎಂದು ತಲೆಯೆತ್ತಿದಳು. ಎದುರಿಗೆ ಮುಚ್ಚಿದ ಗಿರಣಿಯ ಬಾಗಿಲು. ಮೇಲೆ ಗುಡ್ಡದ ಮನೆಗಳಿಂದ ಬೇರೆ ಬೇರೆ ಟೀವಿಗಳ ಸದ್ದು.

ಕುಡಿದ ನೀರು ಸುಮ್ಮನಿರುತ್ತದೆಯೇ? ಗೇಟಿನಲ್ಲಿ ಬಾಟಲಿ ತುಂಬಿಸಿ ತುಂಬಿಸಿ ಕುಡಿಯತೊಡಗಿದ ಮೇಲೆ ಅವಳು ಪಾಳಿಗೆ ಮೂರು ಸಲ ಹೋಗಬೇಕಾಯಿತು. ಎರಡನೆಯ ದಿನ ಸೂಪರ್‌ವೈಸರು ವಾಕಿಟಾಕಿ ಬಿಟ್ಟು ತಾನೇ ಬಂದ. "ಕ್ಯಾ ಮ್ಯಾಡಮ್, ಏಕ್ ಶಿಫ್ಟ್ ಮೇ ತೀನ್ ಬಾರ್? ಪಿಕ್ನಿಕ್ ಪೇ ಆಯೀ ಹೋ ಕ್ಯಾ?"

ಪಕ್ಕದಲ್ಲಿದ್ದ ಬ್ಯಾಗು ತಪಾಸಣೆಯ ಹೆಂಗಸರಿಬ್ಬರು ನೆಲ ನೋಡಿದರು. ನಾಗವೇಣಿಯೂ ಇಷ್ಟು ವರ್ಷ ಹೀಗೇ ನೆಲ ನೋಡಿದವಳು. ಆದರೆ ಆ ಮಧ್ಯಾಹ್ನದ ಮೆಟ್ಟಿಲುಗಳು ನೆನಪಾದವು. ಶರ್ಟಿನ ಜೇಬಿನಿಂದ ಡಾಕ್ಟರಮ್ಮನ ಚೀಟಿ ತೆಗೆದು ಅವನ ಮುಂದೆ ಹಿಡಿದಳು.

"ಪಾನಿ ಪೀಯೂಂಗಿ ಸರ್. ಪೀಯೂಂಗಿ ತೋ ಜಾನಾ ಪಡೇಗಾ. ನಹೀ ಪೀಯೂಂಗಿ ತೋ ಮರೂಂಗಿ. ಆಪ್ ಬೋಲೋ ಕ್ಯಾ ಕರೂಂ, ಮೈ ರಿಜಿಸ್ಟರ್ ಮೇ ಲಿಖತಿ ಹೂಂ. ಆಪ್ ಸಹೀ ಕರೋ."

ಕುಡಿದರೆ ಹೋಗಲೇಬೇಕು, ಕುಡಿಯದಿದ್ದರೆ ಸಾಯುತ್ತೇನೆ; ಏನು ಮಾಡಲಿ ಹೇಳಿ, ರಿಜಿಸ್ಟರಿನಲ್ಲಿ ಬರೆಯುತ್ತೇನೆ, ನೀವು ಸಹಿ ಹಾಕಿ ಎಂದು ಪೆನ್ನು ಎತ್ತಿಕೊಂಡಳು. ಸಹಿ ಎಂದ ಕೂಡಲೇ ಸೂಪರ್‌ವೈಸರು ತಣ್ಣಗಾದ. ಮೇಲಿನವರನ್ನು ಕೇಳುತ್ತೇನೆ ಎಂದು ಹೋದ. ಮರುದಿನ ಬ್ಯಾಗು ತಪಾಸಣೆಯ ಹೆಂಗಸರೂ ತಾವೂ ಹೋಗಬೇಕೆಂದರು. ವಾರದ ಕೊನೆಗೆ, ಎದುರಿನ ಕಟ್ಟಡದ ಕೆಳಗೆ ಅತಿಥಿಗಳಿಗೆಂದು ಇಟ್ಟಿದ್ದ ಟಾಯ್ಲೆಟ್ಟನ್ನು ಗೇಟಿನ ಹೆಂಗಸರೂ ಬಳಸಬಹುದೆಂದು ಆಯಿತು. ಇಪ್ಪತ್ತು ಹೆಜ್ಜೆ ದೂರ. ಯಾರ ಅಪ್ಪಣೆಯೂ ಬೇಡ.

ಇಂಥದ್ದೊಂದು ಗೆದ್ದ ಮೇಲೆ ಮನುಷ್ಯರಿಗೆ ಯಾರಿಗಾದರೂ ಹೇಳಬೇಕೆನಿಸುತ್ತದೆ. ಹಯಗ್ರೀವ ಸಾಹೇಬರಿಗೆ ಹೇಳೋಣವೆಂದರೆ ಅವರು ರಜೆಯ ಮೇಲೆ ಮೈಸೂರಿಗೆ ಹೋಗಿದ್ದರು. ಮೇ ತಿಂಗಳ ಮೊದಲ ಭಾನುವಾರ ಊಟವಾದ ಮೇಲೆ ನಾಗವೇಣಿ ಖೋಲಿಯ ಹೊಸ್ತಿಲಲ್ಲಿ ಕೂತು, ಇನ್ನು ಯೋಚಿಸಿದರೆ ಆಗುವುದಿಲ್ಲವೆಂದು, ಅನಿಲಕುಮಾರನ ನಂಬರು ಒತ್ತಿದಳು.

"ದೊಡ್ಡವ್ವಾ, ನಿಂದೇ ಫೋನು, ಬೊಂಬಾಯಿದು" ಎಂದು ಅವನು ಕೂಗಿದ್ದು ಕೇಳಿತು. ಆಮೇಲೆ ಕೂಸುಗಳ ಕಿರುಚಾಟ, ಪಾತ್ರೆ ಬಿದ್ದ ಸದ್ದು.

"ಯಾರು? ನಾಗಿ? ಏ ನಾಗಿ! ಉಂಡಿ?"

ಅದೇ ಗಂಟಲು. ನಾಗವೇಣಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಉಂಡೆ ಅಕ್ಕಾ. ನೀ ಹ್ಯಾಂಗ ಅದಿ? ನಿನ್ನ ಚೊಲೋ ನೋಡ್ಕೋತಾರಿಲ್ಲೋ?"

"ನಂಗೇನಾಗ್ಯದ? ಎರಡೂ ಕಾಲಿಗಿ ಒಂದೊಂದು ಜೋತು ಬಿದ್ದಾವ. ಒಬ್ಬಾಂವ ನಡಿಲತ್ತಾನ, ಇನ್ನೊಬ್ಬಾಂವ ಇನ್ನಾ ಅಂಬೆಗಾಲು. ಸೊಸಿ ನನ್ ಕೈಲಿ ಬಾಂಡಿ ಸೈತ ಮುಟ್ಟಸಗೊಡಲ್ಲ. ಕುಂದುರು ಅಂತಾಳ."

ನಾಗವೇಣಿ ಕಲ್ಲಿನ ಕತೆ ಹೇಳಿದಳು, ಆಸ್ಪತ್ರೆಯ ಕತೆ ಹೇಳಿದಳು.

"ಒಬ್ಬಾಕಿನೇ ಹೋಗಿದ್ದಿ?" ಎಂದಳು ಚಂದವ್ವ.

"ಹ್ಞೂಂ."

ಆ ಕಡೆ ಚಂದವ್ವ ಕೂಸುಗಳನ್ನು ಗದರಿಸಿದ್ದು ಕೇಳಿತು.

"ಈಗ ಆರಾಮದೀನಿ ಅಕ್ಕಾ. ಸೈಕಲ್ಲಿಗೆ ಬಾಟ್ಲಿ ಇಡೂ ಸ್ಟ್ಯಾಂಡ ಹಾಕೀನಿ. ತೂತ ಇರಲಿಲ್ಲ, ಕ್ಲಿಪ್ಪ ಹಾಕಿ ಬಿಗದೀನಿ. ಯಾರ ಕಡೆನೂ ಮಾಡಸಲಿಲ್ಲ, ನಾನ ಮಾಡೀನಿ."

"ಆ ಹಳಿ ಸೈಕಲ್ಲ ಇನ್ನಾ ಹೊಡಿಲತ್ತೇನ ನೀ?" ಚಂದವ್ವ ನಕ್ಕಳು. "ನಾ ಬಂದ ಮರುದಿನಾನೇ ಗುಜರಿಗಿ ಹಾಕಿರ್ತಿ ತಿಳ್ಕೊಂಡಿದ್ದ. ಹಾಕ್ಬಿಡವ್ವಾ, ಹೊಸಾದು ತಗೋ."

ನಾಗವೇಣಿ ಹೊಸ್ತಿಲ ಮರದ ಸೀಳಿನಲ್ಲಿ ಉಗುರು ಆಡಿಸಿದಳು. ಆರು ತಿಂಗಳಿನಿಂದ ಕಟ್ಟಿಟ್ಟುಕೊಂಡ ಮಾತು ಅದು, ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ.

"ಅಕ್ಕಾ, ಅವತ್ತ ನಾ ಹಂಗ ಅನಬಾರದಾಗಿತ್ತು. ತಪ್ಪಾತು."

"ಏನಂದಿದ್ದಿ?"

"ಅದ... ಕೂಸಿನ ಮಾತು. ನೀ ಗಂಟ ಕಟ್ಟುವಾಗ ಅಂದೆನಲ್ಲ."

"ಯಾವ ಕೂಸು? ನಂಗೇನೂ ನೆನಪೇ ಇಲ್ಲ ನೋಡವ್ವಾ." ಅಷ್ಟರಲ್ಲಿ ಆ ಕಡೆ ಧಪ್ಪೆಂದು ಏನೋ ಬಿದ್ದು ದೊಡ್ಡ ಅಳು ಎದ್ದಿತು. "ಏ ಬಿದ್ದ, ಬಿದ್ದ! ತಡಿ ನಾಗಿ, ಆಮ್ಯಾಲ ಮಾಡ್ತೀನಿ." ಫೋನು ಕಟ್ಟಾಯಿತು.

ನಿಜವಾಗಿಯೂ ಮರೆತಿದ್ದಳೋ, ಮರೆತಂತೆ ಹೇಳಿ ತನ್ನನ್ನು ಬಿಡುಗಡೆ ಮಾಡಿದಳೋ, ನಾಗವೇಣಿಗೆ ತಿಳಿಯಲಿಲ್ಲ. ಚಂದವ್ವ ಸುಖವಾಗಿದ್ದಾಳೆ, ತಾನು ಅಂದದ್ದು ಸುಳ್ಳಾಯಿತು ಎಂದು ಎದೆಯ ಒಂದು ಬದಿ ಹಗುರವಾಯಿತು. ಇನ್ನೊಂದು ಬದಿಯಲ್ಲಿ, ತಾನು ಇಷ್ಟು ದಿನ ಒಬ್ಬಳೇ ಹೊತ್ತು ತಿರುಗಿದ್ದು ಆ ಕಡೆಯ ಯಾರ ತಲೆಯ ಮೇಲೂ ಇರಲೇ ಇಲ್ಲವೆಂಬುದು ಮೆಲ್ಲಗೆ ಇಳಿದು ಕೂತಿತು. ನಾಲ್ಕು ಗಂಟೆಯವರೆಗೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಬರಲಿಲ್ಲ. ಮಕ್ಕಳ ಮನೆ, ಕೈ ಬಿಡುವಾಗಿರಲಿಕ್ಕಿಲ್ಲ.

ಖೋಲಿಯಲ್ಲಿ ಕೂರಲಾಗದೆ ಕೆಳಗಿಳಿದಳು. ಸೈಕಲ್ಲು ತೆಗೆದು, ಎಲ್ಲಿಗೆಂದು ಯೋಚಿಸದೆ ಹೊರಟಳು. ಕಾಲಿಗೆ ಗೊತ್ತಿದ್ದ ದಾರಿ ಒಂದೇ. ವಿಟಾವಾ, ದಿಘಾ, ಐರೋಲಿ. ಭಾನುವಾರದ ರಸ್ತೆಯಲ್ಲಿ ಲಾರಿಗಳು ಕಡಿಮೆ. ಆಫೀಸಿನ ಗೇಟಿನ ಮುಂದೆ ಇನ್ನೊಂದು ಪಾಳಿಯವನು ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಅವಳು ನಿಲ್ಲದೆ ಮುಂದೆ ಹೋದಳು. ಮುಲುಂಡಿಗೆ ಹೋಗುವ ಸೇತುವೆ ಅಲ್ಲಿಂದ ದೂರವೇನಿಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅದರ ಮೇಲೆ ಹೋಗಿರಲಿಲ್ಲ. ಹೋಗಲು ಆ ಕಡೆ ಏನೂ ಕೆಲಸವಿರಲಿಲ್ಲ.

ಸೇತುವೆಯ ನಡುವೆ ಗಾಳಿ ಜೋರಾಗಿತ್ತು. ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಕೆಳಗೆ ನೋಡಿದಳು. ಸಮುದ್ರದಿಂದ ಒಳಚಾಚಿದ ಖಾಡಿಯ ನೀರು ಹಿಂದೆ ಸರಿದು ಕೆಸರು ತೆರೆದುಕೊಂಡಿತ್ತು. ದೂರದ ಕೆಸರಿನ ಮೇಲೆ ಯಾರೋ ಗುಲಾಬಿ ಸೀರೆಗಳನ್ನು ಒಣಹಾಕಿದ ಹಾಗೆ ಕಂಡಿತು. ನೋಡುತ್ತಿದ್ದಂತೆ ಸೀರೆ ಅಲುಗಿತು. ಹಕ್ಕಿಗಳು. ಕೋಲಿನಂಥ ಕಾಲು, ಬಾಗಿದ ಕತ್ತು, ನೂರಾರು. ಕೊಕ್ಕರೆಯ ಜಾತಿಯವೇ ಇರಬೇಕು, ಆದರೆ ಇಂಥ ಬಣ್ಣದ ಕೊಕ್ಕರೆಯನ್ನು ಇಂಡಿಯ ಕೆರೆಯಲ್ಲಿ ಅವಳು ಕಂಡಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಏನೆನ್ನುತ್ತಾರೋ. ಪಕ್ಕದಲ್ಲಿ ಒಬ್ಬ ಗಂಡಸು ಮಗಳನ್ನು ಎತ್ತಿಕೊಂಡು ತೋರಿಸುತ್ತಿದ್ದ. ಅವನು ಇವಳ ಕಡೆ ತಿರುಗಿ, "ಕಿತಿ ಸುಂದರ್, ನಾ?" ಎಂದ.

"ಹೋ" ಎಂದು ಹೌದೆಂದಳು ನಾಗವೇಣಿ. "ಖೂಪ್ ಸುಂದರ್."

ಅವರು ಹೋದ ಮೇಲೂ ಅವಳು ನಿಂತೇ ಇದ್ದಳು. ಮುಲುಂಡಿನ ಗುಡ್ಡದ ಹಿಂದೆ ಬಿಸಿಲು ಇಳಿದು, ಗುಲಾಬಿ ಬಣ್ಣ ಬೂದಿಯಾಗಿ, ಯಾವುದು ಹಕ್ಕಿ ಯಾವುದು ಕೆಸರು ತಿಳಿಯದಾಯಿತು. ನಾಳೆ ಬೆಳಗಿನ ಪಾಳಿ. ಸೈಕಲ್ಲು ತಿರುಗಿಸಿ, ಎದುರುಗಾಳಿಗೆ ತಲೆ ತಗ್ಗಿಸಿ, ಅವಳು ಮೆಲ್ಲಗೆ ತುಳಿಯತೊಡಗಿದಳು.